ಗುರುವಿನ ಹೆಸರು ಹೇಳಿದರೆ ಸಭೆ ನಕ್ಕಿತು

ಭಾನುವಾರದ ನಗೆಹಬ್ಬದಲ್ಲಿ ಕೇಳಿದ ಒಂದು ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಮಾತು ಮುಗಿದ ಮೇಲೆ ನಿರೂಪಕರು ಮೈಕ್ ಹಿಡಿದು, "ಮೇಡಂ, ಹಾಸ್ಯದಲ್ಲಿ ನಿಮ್ಮ ಗುರುಗಳು ಯಾರು? ಬೀಚಿಯವರೇ, ಕೈಲಾಸಂ ಅವರೇ?" ಎಂದರು.

"ನಮ್ಮ ದೊಡ್ಡಮ್ಮ" ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಅಂದು ನಾನು ನಗಿಸಲೆಂದೇ ಆಡಿದ ಯಾವ ಮಾತಿಗೂ ಅಷ್ಟು ದೊಡ್ಡ ನಗು ಬಂದಿರಲಿಲ್ಲ. ನಿರೂಪಕರೂ ನಕ್ಕು, "ಚೆನ್ನಾಗಿ ಹೇಳಿದಿರಿ, ಈಗ ನಿಜವಾದ ಹೆಸರು ಹೇಳಿ" ಎಂದರು. ನಾನು ಮತ್ತೆ "ನಮ್ಮ ದೊಡ್ಡಮ್ಮ" ಎಂದೆ. ಮತ್ತೆ ನಗು. ಅಷ್ಟರಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಬಂದವು.

ನಿರೂಪಕರು ಕೆಟ್ಟವರಲ್ಲ. ಬಂದ ಕಲಾವಿದರಿಗೆಲ್ಲ ಊಟ ಆಯಿತೇ ಎಂದು ಎಲೆಯ ಬಳಿಗೇ ಬಂದು ವಿಚಾರಿಸುವ ಸಜ್ಜನರು. ಆದರೆ ಹಾಸ್ಯದ ಗುರು ಎಂದರೆ ಪುಸ್ತಕ ಬರೆದ ಗಂಡಸೇ ಆಗಿರಬೇಕು ಎಂಬುದು ಅವರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಓದು ಬರಹ ಬಾರದ ಒಬ್ಬ ಹೆಂಗಸಿನ ಹೆಸರು ಅವರಿಗೆ ಉತ್ತರವಾಗಿ ಕೇಳಿಸಲೇ ಇಲ್ಲ. ಬೀಚಿಯವರನ್ನು ನಾನೂ ಓದಿದ್ದೇನೆ, ಕೈಲಾಸಂ ನಾಟಕ ನೋಡಿದ್ದೇನೆ, ಇಬ್ಬರನ್ನೂ ಮೆಚ್ಚಿದ್ದೇನೆ. ಆದರೆ ನನಗೆ ಕಲಿಸಿದವರು ಅವರಲ್ಲ.

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡಮ್ಮ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಓಣಿಯ ಹೆಂಗಸರು ಸುತ್ತ ಸೇರುತ್ತಿದ್ದರು. ಮೊರ ಸರ್ ಸರ್ ಎಂದು ಆಡುತ್ತಿರುವಷ್ಟು ಹೊತ್ತು ಮಾತು ಸಾದಾ ಮಾತು. ಒಂದು ಕ್ಷಣ ಮೊರ ನಿಲ್ಲುತ್ತಿತ್ತು. ದೊಡ್ಡಮ್ಮ ಕಾಳಿನಿಂದ ಒಂದು ಹರಳು ಎತ್ತಿ, ಅದನ್ನು ತಿರುಗಿಸಿ ನೋಡಿ, ಪಕ್ಕಕ್ಕೆ ಒಗೆಯುತ್ತಿದ್ದಳು. ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಆಗ ಬರುತ್ತಿತ್ತು ಆ ಮಾತು, ಮುಖದಲ್ಲಿ ನಗುವಿನ ಎಳೆಯೂ ಇಲ್ಲದೆ. ಕೇಳಿದವರು ನಗಲು ಬಾಯಿ ತೆರೆಯುವ ಮೊದಲೇ ಮೊರ ಮತ್ತೆ ಆಡತೊಡಗುತ್ತಿತ್ತು. ಇಂದು ನಾನು ವೇದಿಕೆಯ ಮೇಲೆ, ಮುಖ್ಯ ಮಾತಿಗೆ ಮುನ್ನ, ಕನ್ನಡಕ ತೆಗೆದು ಒರೆಸುತ್ತೇನಲ್ಲ, ಅದು ಆ ಹರಳೇ. ಆ ಮೌನವನ್ನು ನನಗೆ ಯಾವ ಪುಸ್ತಕವೂ ಕಲಿಸಿಲ್ಲ.

ಮದುವೆ ಮನೆಗಳಲ್ಲಿ ಹೆಂಗಸರಿಂದ ಒಡಪು, ಅಂದರೆ ಪ್ರಾಸದ ಸಾಲು, ಹಾಕಿಸಿ ಗಂಡನ ಹೆಸರು ಹೇಳಿಸುತ್ತಿದ್ದರು. ಉಳಿದವರು ಹಾಲು, ಸಕ್ಕರೆ, ಮಲ್ಲಿಗೆ ಎಂದು ರೂಢಿಯ ಒಡಪು ಹೇಳಿ ಒಳಗೆ ಓಡುತ್ತಿದ್ದರು. ದೊಡ್ಡಮ್ಮ ಒಮ್ಮೆ ಬಾಗಿಲಲ್ಲಿ ನಿಂತು ಹೇಳಿದ್ದು ಹೀಗೆ: "ಎಣ್ಣೆ ತರಲು ಹೋದವರು ಎಮ್ಮೆ ಹೊಡೆದುಕೊಂಡು ಬಂದರು, ಸಂತೆಗೆ ಕಳಿಸಿದರೆ ಸಾಲ ಹೊತ್ತು ತಂದರು." ಆಮೇಲೆ ಗಂಭೀರವಾಗಿ ದೊಡ್ಡಪ್ಪನ ಹೆಸರು. ಹಂದರದಲ್ಲಿ ಕುಳಿತಿದ್ದ ದೊಡ್ಡಪ್ಪ, ನಿಜವಾಗಿಯೂ ಆ ಎಮ್ಮೆಯನ್ನು ತಂದಿದ್ದವರು, ಎಲ್ಲರಿಗಿಂತ ಮೊದಲು ನಕ್ಕರು. ಬೀಗರ ಹಾಡು ಶುರುವಾದರಂತೂ ಅವಳಿಗೆ ತಡೆಯೇ ಇರಲಿಲ್ಲ. ವರ್ಷವಿಡೀ ತಲೆ ತಗ್ಗಿಸಿ ನಡೆಯುವ ಹೆಂಗಸರು ಆ ಒಂದು ಹೊತ್ತು ಗಂಡಿನ ಕಡೆಯವರ ಜಿಪುಣತನವನ್ನು, ಮೀಸೆಯನ್ನು, ಜಂಬವನ್ನು ಮುಖಕ್ಕೆ ಹಿಡಿದು ಹಾಡಬಹುದಿತ್ತು, ಬೀಗರು ಕೋಪಿಸಿಕೊಳ್ಳುವಂತಿರಲಿಲ್ಲ. ದೊಡ್ಡಮ್ಮ ಬಡವರನ್ನು, ಬಂಜೆಯೆಂದು ಊರು ಕರೆದವಳನ್ನು, ಮೈಬಣ್ಣವನ್ನು ಎಂದೂ ನಗೆಗೆ ಎಳೆದವಳಲ್ಲ. ತನಗಿಂತ ಮೇಲೆ ಕುಳಿತವರನ್ನೇ ಹಿಡಿಯುತ್ತಿದ್ದಳು.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಭಾನುವಾರ ನನಗಿಂತ ಮುಂಚೆ ಮಾತನಾಡಿದವರು ಅರ್ಧ ಗಂಟೆ ಹೆಂಡತಿಯ ಮೇಲೆಯೇ ನಗೆಮಾತು ಹೇಳಿದರು. ಹೆಂಡತಿಯ ಅಡುಗೆ, ಹೆಂಡತಿಯ ತೂಕ, ಹೆಂಡತಿಯ ತವರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ ಕುಳಿತಿದ್ದರು. ಅವರು ಒಳ್ಳೆಯ ಮಾತುಗಾರರು, ಆದರೂ ನನಗೆ ಅದು ಸೋಮಾರಿಗಳ ಹಾಸ್ಯ ಎನಿಸುತ್ತದೆ. "ಒಬ್ಬ ಮಹಿಳೆಯೂ ಇರಲಿ ಮೇಡಂ" ಎಂದು ನನ್ನನ್ನು ಕರೆಯುತ್ತಾರೆ. ಇಂಥ ಅರ್ಧ ಗಂಟೆಯ ನಂತರ ಮೈಕಿನ ಮುಂದೆ ನಿಲ್ಲಿಸುತ್ತಾರೆ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಅಕ್ಕೋರು ಟಿ. ಸುನಂದಮ್ಮನವರ ಪುಸ್ತಕವನ್ನು ನನ್ನ ಕೈಗಿಟ್ಟರು. 1917ರಲ್ಲಿ ಹುಟ್ಟಿದ ಈ ಹೆಣ್ಣುಮಗಳು, ಹಾಸ್ಯಲೇಖಕ ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ'ಯಲ್ಲಿ ನಗೆಬರಹ ಬರೆದು ಹೆಸರು ಮಾಡಿದವರು. ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯೂ ಅವರೇ. ಅಡುಗೆಮನೆ, ನೆಂಟರು, ಸಂಸಾರದ ತಾಪತ್ರಯ, ಎಲ್ಲವೂ ಅಲ್ಲಿತ್ತು. ಆದರೆ ಈ ಸಲ ನೋಡುವ ಕಣ್ಣು ಹೆಂಡತಿಯದು. ದೊಡ್ಡಮ್ಮ ಪಡಸಾಲೆಯಲ್ಲಿ ಮಾಡಿದ್ದನ್ನು ಅಚ್ಚಿನಲ್ಲಿಯೂ ಮಾಡಬಹುದು ಎಂದು ನನಗೆ ತಿಳಿದದ್ದು ಆಗ.

ಮತ್ತೊಬ್ಬರು ನಟಿ ಉಮಾಶ್ರೀ. ಚಿಕ್ಕಂದಿನಲ್ಲಿ ಟಿ.ವಿ.ಯ ಚಿತ್ರಗಳಲ್ಲಿ ಅವರು ಹಾಸ್ಯನಟ ಎನ್.ಎಸ್. ರಾವ್ ಜೊತೆ ಬಂದರೆ ಮನೆಯ ಗಂಡಸರು ಹೊಟ್ಟೆ ಹಿಡಿದು ನಗುತ್ತಿದ್ದರು, ಚಿತ್ರ ಮುಗಿದ ಮೇಲೆ ಅವರ ಬಗ್ಗೆಯೇ ಹಗುರವಾಗಿ ಮಾತನಾಡುತ್ತಿದ್ದರು. ದ್ವಂದ್ವಾರ್ಥದ ಸಂಭಾಷಣೆ ಬರೆದವರು ಬೇರೆಯವರು, ಅದಕ್ಕೆ ಚಪ್ಪಾಳೆ ತಟ್ಟಿದವರು ಇವರು, ಕೆಟ್ಟ ಹೆಸರು ಮಾತ್ರ ನಟಿಗೆ. ಅದೇ ನಟಿ ರಂಗದ ಮೇಲೆ ದೇವನೂರ ಮಹಾದೇವ ಅವರ ಕಥೆ 'ಒಡಲಾಳ'ದ ಸಾಕವ್ವನಾದರು. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ತೆಗೆದ 'ಗುಲಾಬಿ ಟಾಕೀಸ್'ನಲ್ಲಿ ಸೂಲಗಿತ್ತಿ ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಆಗ ಎಲ್ಲರೂ "ಇಂಥ ನಟಿ ಎಂದು ಗೊತ್ತೇ ಇರಲಿಲ್ಲ" ಎಂದರು. ಗೊತ್ತಾಗದೆ ಏನು? ಯಾವ ಮಾತನ್ನು ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬ ಅಳತೆ ಆ ಹಾಸ್ಯ ಪಾತ್ರಗಳಲ್ಲಿಯೂ ಇತ್ತು. ನಕ್ಕವರು ಅದನ್ನು ಕಲೆಯೆಂದು ಎಣಿಸಲಿಲ್ಲ, ಅಷ್ಟೇ.

ಭಾನುವಾರದ ನಗುವೂ ಆ ಜಾತಿಯದೇ ಎಂದು ಈಗ ಅನಿಸುತ್ತಿದೆ. ಗಂಡಸು ನಗಿಸಿದರೆ ಪ್ರತಿಭೆ. ಹೆಂಗಸು ನಗಿಸಿದರೆ ಬಾಯಿಬಡುಕತನ. ದೊಡ್ಡಮ್ಮನನ್ನು ಊರಿನವರು ಕರೆದದ್ದೂ ಹಾಗೆಯೇ. ಒಂದು ಇಡೀ ಓಣಿಯ ಹೆಂಗಸರು ಆ ಮಾತು ಕೇಳಿ ತಮ್ಮ ಮನೆಗಳ ಕಷ್ಟವನ್ನು ಇನ್ನೊಂದು ದಿನ ಹೊರಲು ಎದ್ದು ಹೋಗುತ್ತಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳ ಒಂದು ಮಾತೂ ಅಚ್ಚಾಗಿಲ್ಲ, ಧ್ವನಿಮುದ್ರಣವಿಲ್ಲ. ನನ್ನ ನೆನಪಿನಲ್ಲಿ ಇರುವಷ್ಟೇ ಉಳಿದಿದೆ, ಅದು ನನ್ನನ್ನು ಹೆದರಿಸುತ್ತದೆ.

ಹಾಗಾಗಿ ಸಂಘಟಕರಿಗೆ ಕಳಿಸುವ ನನ್ನ ಪರಿಚಯ ಪತ್ರವನ್ನು ನಿನ್ನೆ ಹೊಸದಾಗಿ ಬರೆದೆ. ಮೊದಲ ಸಾಲಿನಲ್ಲಿ ನನ್ನ ಪದವಿಯೂ ಇಲ್ಲ, ಪ್ರಶಸ್ತಿಯೂ ಇಲ್ಲ. ದೊಡ್ಡಮ್ಮನ ಪೂರ್ತಿ ಹೆಸರು, ಅವಳ ಊರು, ಒಡಪು ಮತ್ತು ಬೀಗರ ಹಾಡಿನಲ್ಲಿ ಅವಳಿಂದ ಪಡೆದ ಶಿಕ್ಷಣ. ರಾಜ್ಯೋತ್ಸವಕ್ಕೆ ಕರೆದವರಿಗೆ ಕಳಿಸಿದ್ದೇನೆ. ವೇದಿಕೆಯಲ್ಲಿ ಅದನ್ನು ಇದ್ದ ಹಾಗೆಯೇ ಓದಬೇಕು, ಆ ಮೊದಲ ಸಾಲನ್ನಂತೂ ಬಿಡಲೇಬಾರದು ಎಂದು ಫೋನಿನಲ್ಲಿಯೂ ಹೇಳಿದ್ದೇನೆ.