ಕಣಕುಂಬಿಯಿಂದ ಕೂಡಲಸಂಗಮಕ್ಕೆ, ಮಕ್ಕಳೊಂದಿಗೆ

ಉಷ್ಣವಲಯದ ದೇಶಗಳು ಯಾವುವು ಎಂದು ಬೆಳಗಾವಿಯ ಆರನೇ ತರಗತಿ ಮಕ್ಕಳನ್ನು ಕೇಳಿದರೆ ಬ್ರೆಜಿಲ್, ಇಂಡೊನೇಷ್ಯಾ ಎನ್ನುತ್ತಾರೆ. ಪುಸ್ತಕದ ಚಿತ್ರದಲ್ಲಿ ದಟ್ಟ ಕಾಡು, ಸದಾ ಮಳೆ. ತಾವು ನಿಂತ ನೆಲವೂ ಅದೇ ವಲಯದ್ದು, ಅದರೊಳಗೆ ಕಾಡೂ ಉಂಟು, ಬೆಂಗಾಡೂ ಉಂಟು ಎಂದು ತೋರಿಸಲು ಈ ಸೀಮೆಯಲ್ಲಿ ಮಲಪ್ರಭೆಯಂಥ ದಾರಿ ಬೇರಿಲ್ಲ. ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಕೃಷ್ಣೆಗೆ ಸೇರುವುದು ಕೂಡಲಸಂಗಮದಲ್ಲಿ. ನಡುವೆ ಸುಮಾರು 300 ಕಿ.ಮೀ. ಡಿಸೆಂಬರ್ ಕೊನೆಯಲ್ಲಿ ಮಕ್ಕಳ ಬಸ್ಸು ಹೊರಟಿದ್ದು ಈ ಹೊಳೆಯ ಗುಂಟ.

ಕಣಕುಂಬಿಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಅರಬ್ಬಿ ಸಮುದ್ರದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಇಲ್ಲೇ ಸುರಿದುಬಿಡುತ್ತದೆ, ಮೂಡಣಕ್ಕೆ ದಾಟುವಷ್ಟರಲ್ಲಿ ಬರಿದಾಗಿರುತ್ತದೆ. ಮರದ ಕಾಂಡಕ್ಕೆ ಮೆತ್ತಿದ ಪಾಚಿಯನ್ನು ಮುಟ್ಟಿ ನೋಡಿದ ಮೇಲೆ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದ ಲೋಕಮಹಾದೇವಿಯ ಕಥೆಯನ್ನು ಗೈಡುಗಳೇ ಚೆನ್ನಾಗಿ ಹೇಳುತ್ತಾರೆ. ಸೂರ್ಯನ ಪಾಠ ಅವರ ಬಳಿ ಸಿಗದು. ಅದಕ್ಕೆ ಬೇಕಾದದ್ದು 1 ಮೀಟರ್ ಉದ್ದದ ನೇರ ಕೋಲು, ಸ್ಮಾರಕದ ಬೇಲಿಯಿಂದ ಹೊರಗೆ ಸಮತಟ್ಟಾದ ಜಾಗ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಬೇಕು. 5 ಡಿಗ್ರಿ ವಾಲಿದರೂ ತುದಿ 9 ಸೆಂ.ಮೀ.ನಷ್ಟು ಸರಿದು ಲೆಕ್ಕ ಕೆಡುತ್ತದೆ. 11:45ರಿಂದ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೊಂದು ಹರಳು. ನೆರಳು ಅತಿ ಗಿಡ್ಡವಾಗುವುದು 12 ಗಂಟೆಗಲ್ಲ, 12:25ರಿಂದ 12:30ರೊಳಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ಪಟ್ಟದಕಲ್ಲು ಇರುವುದು 76ರ ಹತ್ತಿರ; ಡಿಗ್ರಿಗೆ 4 ನಿಮಿಷದ ವ್ಯತ್ಯಾಸ. ಆಗ ನೆರಳು 82 ಸೆಂ.ಮೀ., ಉತ್ತರಕ್ಕೆ. ಅದೇ ದಿನ ದೆಹಲಿಯಲ್ಲಾದರೆ ಸುಮಾರು 128. ಜೂನ್ 21ಕ್ಕೆ ಇದೇ ಕೋಲಿನ ನೆರಳು ಬರೀ 13 ಸೆಂ.ಮೀ., ಅದೂ ದಕ್ಷಿಣಕ್ಕೆ! ಉಷ್ಣವಲಯದ ಹೊರಗಿರುವ ದೆಹಲಿಯಲ್ಲಿ ನಡುಹಗಲ ನೆರಳು ಯಾವತ್ತೂ ದಕ್ಷಿಣಕ್ಕೆ ಬೀಳುವುದಿಲ್ಲ. ಉಷ್ಣವಲಯದ ಗುರುತು ಸೆಕೆಯಲ್ಲ, ಎರಡೂ ಕಡೆ ಬೀಳುವ ಈ ನೆರಳು.

ಮನಸ್ಸು ನಿಂತಿದ್ದು ಮಾತ್ರ ಹುನಗುಂದದ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ. ಅಂದು ಎಳ್ಳಮಾವಾಸ್ಯೆ. ಬುಟ್ಟಿ ಹೊತ್ತ ಮನೆಮಂದಿ ಚರಗ (ಬೆಳೆಗೆ ಅಡುಗೆಯ ಎಡೆ) ಚೆಲ್ಲುತ್ತಿದ್ದರು. ಎದೆಮಟ್ಟದ ಬಿಳಿಜೋಳ, ಸುತ್ತ ಎಲ್ಲೂ ಬೋರ್ ಇಲ್ಲ, ಕಾಲುವೆ ಇಲ್ಲ. ಒಬ್ಬ ಹುಡುಗ ಕೇಳಿಯೇಬಿಟ್ಟ: "ಅಜ್ಜಾ, ಮಳಿ ಇಲ್ಲ, ನೀರ ಹಾಸೂದಿಲ್ಲ, ಜ್ವಾಳ ಹ್ಯಾಂಗ ಬೆಳೀತದ?"

"ಮುಂಗಾರ್ಯಾಗ ಈ ಹೊಲಾ ಖಾಲಿ ಬಿಟ್ಟಿರ್ತೇವಿ ತಮ್ಮಾ. ಬಿದ್ದ ಮಳಿ ಎಲ್ಲಾ ಎರಿ ಕುಡಿದು ಹೊಟ್ಯಾಗ ಇಟಗೊಂತದ. ಹಿಂಗಾರಿಗೆ ಬಿತ್ತಿದ್ವಿ ಅಂದ್ರ ಅದ ಹಸಿ ಮ್ಯಾಲ ತೆನಿ ತನಕಾ ಬರ್ತದ."

"ಮತ್ತ ಈ ಬಿರಕ?" ಎಂದಳು ಬದುವಿನ ಮೇಲೆ ಕೂತಿದ್ದ ಹುಡುಗಿ, ಅಂಗೈ ಹೋಗುವಷ್ಟು ಅಗಲದ ಸೀಳು ತೋರಿಸಿ.

"ಅದಕ್ಕ ಎಡಿ ಹೊಡೆಯೂದವ್ವಾ, ಸಾಲಿನ ನಡುವಿನ ಮಣ್ಣ ಸಡಿಲ ಮಾಡೂದು. ಬಿರಕ ಮುಚ್ಚಲಿಲ್ಲ ಅಂದ್ರ ಹಸಿ ಆ ಹಾದೀಲೇ ಹಾರಿ ಹೋಗ್ತದ."

ತಂದಿದ್ದ ಬಾಟಲಿಗಳು ಅಲ್ಲೇ ಹೊರಬಂದವು. ತಳ ಕತ್ತರಿಸಿ, ಬಾಯಿಗೆ ಅರಿವೆ ಕಟ್ಟಿ, ತಲೆಕೆಳಗಾಗಿ ಹಿಡಿದು ಒಂದಕ್ಕೆ ಅರ್ಧ ಕೆ.ಜಿ. ಬಾದಾಮಿಯ ಮರಳುಗೆಂಪು ಮಣ್ಣು, ಇನ್ನೊಂದಕ್ಕೆ ಅಷ್ಟೇ ಎರೆ. ಎರಡಕ್ಕೂ 250 ಮಿ.ಲೀ. ನೀರು. ಎರೆ ಹೆಂಟೆಯಾಗಿದ್ದರೆ ನೀರು ಸಂದಿಯಿಂದ ಜಾರಿ ಇಳಿದು ಫಲಿತಾಂಶ ತಿರುಗುಮುರುಗಾಗುತ್ತದೆ, ಆದ್ದರಿಂದ ಪುಡಿ ಮಾಡಿ, ತಟ್ಟಿ ಕೂರಿಸಬೇಕು. ಕೆಂಪು ಮಣ್ಣು ಕೆಲವೇ ನಿಮಿಷಕ್ಕೆ ತೊಟ್ಟಿಕ್ಕತೊಡಗಿತು. ಎರೆ ಉಬ್ಬಿತು, ಒಂದು ಹನಿಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಆ ಮನೆಯ ಅವ್ವ ಎಲ್ಲರ ಕೈಗೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ ಇಟ್ಟಿದ್ದರು. ಮಳೆ ಕಡಿಮೆಯ ನಾಡಿನ ಬೆಳೆಗಳೇ ಅದರ ಊಟ ಎಂಬ ಪಾಠಕ್ಕೆ ಇದಕ್ಕಿಂತ ರುಚಿಯಾದ ಪುರಾವೆ ಬೇಡ.

ಹಿಂದಿನ ದಿನ ಇದೇ ಪಾಠ ಕೆಟ್ಟಿತ್ತು. ರೊಟ್ಟಿ ಊಟವೇ ಬೇಕೆಂದು ಮೊದಲೇ ಹೇಳಿದ್ದರೂ ದಾರಿಯ ಖಾನಾವಳಿಯವರು ಮಕ್ಕಳ ಮುಂದೆ ತಣ್ಣನೆಯ ಪಲಾವ್ ಇಟ್ಟರು. ದೊಡ್ಡ ತಂಡವಿದ್ದರೆ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯನ್ನು ಬೆಳಗಾವಿಯಿಂದಲೇ ಕಟ್ಟಿಕೊಂಡು ಹೋಗುವುದು ವಾಸಿ, ವಾರವಿಟ್ಟರೂ ಕೆಡುವುದಿಲ್ಲ. ಸಿಹಿಗೆ ಅಮೀನಗಡದ ಕರದಂಟು ದಾರಿಯಲ್ಲೇ ಸಿಗುತ್ತದೆ.

ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಹರಡಿಕೊಂಡಿರುವುದರಿಂದ ಎರಡು ಹೊಳೆ ಕೂಡುವ ಜಾಗ ಕಣ್ಣಿಗೆ ಬೇರೆಯಾಗಿ ಕಾಣದು. ಮಕ್ಕಳು ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿಯುವ ಮೊದಲೇ ದಂಡೆಯ ಮೇಲೆ ನಕ್ಷೆ ಬಿಚ್ಚಿ, ಆಲಮಟ್ಟಿ ಕಡೆಯಿಂದ ಬರುವುದು ಕೃಷ್ಣೆ, ಐಹೊಳೆ ಕಡೆಯಿಂದ ಬರುವುದು ಮಲಪ್ರಭೆ ಎಂದು ಕೈ ಮಾಡಿ ತೋರಿಸಬೇಕು.