ಹೌದು, ಫಿಲ್ಟರ್ ಪೇಪರ್ ಸಾಕು, ಸೋಸಬೇಡಿ ಅಷ್ಟೇ

ದಾವಣಗೆರೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ: "ಸರ್, ಎಂಜಲನ್ನ ಸುಮ್ನೆ ಫಿಲ್ಟರ್ ಪೇಪರಲ್ಲಿ ಸೋಸಿದ್ರೆ ಕಿಣ್ವ ಬೇರೆ ಆಗಲ್ವಾ?"

ಆಗಲ್ಲ. ವಾಟ್‌ಮನ್ ಒಂದನೇ ನಂಬರ್ ಕಾಗದದ ರಂಧ್ರ ಸುಮಾರು 11 ಮೈಕ್ರೋಮೀಟರ್. ಎಂಜಲಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್, ಅದರ ಅಣು ಕೆಲವೇ ನ್ಯಾನೋಮೀಟರ್. ಊರಬಾಗಿಲು ಹಾಕಿ ಸೊಳ್ಳೆ ತಡೆದ ಹಾಗೆ. ಆ "ಸುಮ್ನೆ"ಯೂ ಬೇಡ, ಖರ್ಚು ಕಮ್ಮಿಯಾದಷ್ಟೂ ಇಲ್ಲಿ ಕೈಕೆಲಸ ಜಾಸ್ತಿ. ಎಲೆಯ ಬಣ್ಣ ಬಿಡಿಸುವಂತೆ ಎಂಜಲಿನ ಚುಕ್ಕೆಯಿಟ್ಟ ಕಾಗದದ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ನಿಲ್ಲಿಸುವವರೂ ಇದ್ದಾರೆ. ಕಿಣ್ವವೂ ಪ್ರೋಟೀನೇ. ಪ್ರೋಟೀನ್ ಅದರಲ್ಲಿ ಕೆಟ್ಟು, ಚುಕ್ಕೆ ಇಟ್ಟಲ್ಲೇ ಕೂರುತ್ತದೆ. ಅದನ್ನು ನಡೆಸಲು ವಿದ್ಯುತ್ ಬೇಕು: ಆವೇಶವಿರುವ ಅಣುವನ್ನು ಒದ್ದೆ ಕಾಗದದ ಮೇಲೆ ವಿದ್ಯುತ್ತಿನಿಂದ ಎಳೆಯುವುದು, ಎಲೆಕ್ಟ್ರೋಫೋರೆಸಿಸ್.

ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಎಂಜಲು ಹಿಡಿಯಿರಿ. ನಿಮ್ಮದೇ, ಪಕ್ಕದವರದ್ದಲ್ಲ. ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕರಗಿಸಿದರೆ ಲೋಳೆ ತಳ ಹಿಡಿಯುತ್ತದೆ. ಮೇಲಿನ ತಿಳಿಯನ್ನು ಹತ್ತು ಪಟ್ಟು ತೆಳು ಮಾಡಿ. ಲೋಳೆ ಬಂದರೆ ಚುಕ್ಕೆಗೆ ಬಾಲ ಬೆಳೆಯುತ್ತದೆ. ಲೀಟರ್ ನೀರಿಗೆ 4.2 ಗ್ರಾಂ ಅಡುಗೆ ಸೋಡಾ ಹಾಕಿದರೆ ಪಿಎಚ್ 8.3ರ ಆಸುಪಾಸು. 2 ಸೆಂ.ಮೀ. ಅಗಲದ ಪಟ್ಟಿಯನ್ನು ಅದರಲ್ಲಿ ನೆನೆಸಿ, ಹೆಚ್ಚಿನ ನೀರು ಒತ್ತಿ ತೆಗೆದು, ಅದೇ ಸೋಡಾ ನೀರಿರುವ ಎರಡು ಬಟ್ಟಲಿಗೆ ಸೇತುವೆ ಹಾಕಿ. ನಡುವಿನ ದೂರ 12 ಸೆಂ.ಮೀ. ಮಧ್ಯದಲ್ಲಿ ತೆಳು ಮಾಡಿದ ಎಂಜಲಿನ 3 ಮೈಕ್ರೋಲೀಟರ್ ಚುಕ್ಕೆ. 9 ವೋಲ್ಟಿನ ಆರು ಬ್ಯಾಟರಿ ಸಾಲಾಗಿ ಜೋಡಿಸಿ, ಬಟ್ಟಲಿಗೊಂದು ಪೆನ್ಸಿಲ್ ಸೀಸ ಇಳಿಸಿ, ಮೂರು ಗಂಟೆ ಬಿಡಿ. 54 ವೋಲ್ಟ್ ಇರುವಾಗ ಒದ್ದೆ ಕೈ ಹಾಕಬೇಡಿ.

ಬಟ್ಟಲುಗಳ ಮಟ್ಟ ಸಮ ಇರದಿದ್ದರೆ ಪಟ್ಟಿಯೇ ಸೈಫನ್ ಆಗುತ್ತದೆ. ಮೇಲೆ ಡಬ್ಬಿ ಮುಚ್ಚಿ. ನಮ್ಮೂರ ಮಾರ್ಚ್ ಗಾಳಿಗೆ ಪಟ್ಟಿ ಒಣಗಿದರೆ ಎರಡೂ ತುದಿಯಿಂದ ದ್ರಾವಣ ನಡುವಿಗೆ ನುಗ್ಗಿ, ಚುಕ್ಕೆ ಅಲ್ಲೇ ಸಿಕ್ಕಿಬೀಳುತ್ತದೆ.

"ಅಮೈಲೇಸ್ ಉಲ್ಟಾ ಹೋಯ್ತು ಸರ್" ಅಂತ ಫೋನ್ ಮಾಡಬೇಡಿ. ಈ ಪಿಎಚ್‌ನಲ್ಲಿ ಅದಕ್ಕೆ ಸ್ವಲ್ಪವೇ ಋಣ ಆವೇಶ, ಹೋಗಬೇಕಾದ್ದು ಧನ ತುದಿಗೆ. ಆದರೆ ಕಾಗದಕ್ಕೂ ಋಣ ಆವೇಶ ಇರುವುದರಿಂದ ನೀರೇ ಋಣ ತುದಿಗೆ ಹರಿದು ಅದನ್ನು ಹಿಂದಕ್ಕೆ ತಳ್ಳುತ್ತದೆ. ಪಕ್ಕದಲ್ಲಿ ಬಿ12ರ ಕೆಂಪು ಇಂಜೆಕ್ಷನ್ ದ್ರವವನ್ನು, ಸೈನೋಕೋಬಾಲಮಿನ್ ಇರುವುದನ್ನು, ಒಂದರ ಮೇಲೊಂದು ಐದಾರು ಸಲ ಚುಕ್ಕೆ ಇಡಿ. ಅದಕ್ಕೆ ಆವೇಶವಿಲ್ಲ, ನೀರು ಒಯ್ದಷ್ಟೇ ದೂರ ಹೋಗುತ್ತದೆ. ಕೆಂಪು ಚುಕ್ಕೆಯಿಂದ ಅಮೈಲೇಸ್‌ಗೆ ಇರುವ ಅಂತರ ಅಳೆಯಿರಿ. ಸಿಗುವುದು ಮಿಲಿಮೀಟರ್‌ಗಳ ಲೆಕ್ಕದಲ್ಲಿ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿ ನಿಂತಿರುವುದು ಕಿಣ್ವವೇ ಅಂತ ಹೇಗೆ ಗೊತ್ತು? 100 ಮಿಲಿ ನೀರಿಗೆ 1 ಗ್ರಾಂ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಜಿಲ್ಲೆಯಲ್ಲಿ ಇದಕ್ಕೇನು ಬರ), 1.5 ಗ್ರಾಂ ಚೈನಾ ಗ್ರಾಸ್ (ಅಗರ್), ಚಿಟಿಕೆ ಉಪ್ಪು ಹಾಕಿ ಕುದಿಸಿ, ತಟ್ಟೆಗೆ ಹೊಯ್ದು ಗಟ್ಟಿಯಾಗಿಸಿ. ಉಪ್ಪು ರುಚಿಗಲ್ಲ, ಕ್ಲೋರೈಡ್ ಇಲ್ಲದೆ ಈ ಅಮೈಲೇಸ್ ಸರಿಯಾಗಿ ದುಡಿಯುವುದಿಲ್ಲ. ಪಟ್ಟಿಯನ್ನು ಅದರ ಮೇಲೆ ಕಾಲು ಗಂಟೆ ಬೋರಲು ಹಾಕಿ ತೆಗೆಯಿರಿ. ಇನ್ನರ್ಧ ಗಂಟೆ 37 ಡಿಗ್ರಿಯಲ್ಲಿಡಿ. ಏಪ್ರಿಲ್ ಆದರೆ ಇಲ್ಲಿ ಮೇಜಿನ ಮೇಲೆ ಬಿಟ್ಟರೂ ನಡೆಯುತ್ತದೆ. ತಟ್ಟೆಯ ಮೇಲೆ ಹತ್ತು ಪಟ್ಟು ತೆಳು ಮಾಡಿದ ಬೆಟಾಡಿನ್ ಸುರಿಯಿರಿ, ಅದರ ಅಯೋಡಿನ್ ಪಿಷ್ಟ ಇರುವಲ್ಲೆಲ್ಲ ನೀಲಿಯಾಗುತ್ತದೆ. ನೀಲಿಯ ನಡುವೆ ಬಣ್ಣ ಹಿಡಿಯದ ಜಾಗವೇ ಅಮೈಲೇಸ್.

ಹತ್ತು ನಿಮಿಷ ಕುದಿಸಿದ ಎಂಜಲಿನ ಪಟ್ಟಿಯನ್ನೂ ಜೊತೆಗೇ ಓಡಿಸಿ. ಅಲ್ಲೂ ನೀಲಿ ಬಿಟ್ಟುಹೋಗಿದ್ದರೆ ನೀವು ನೋಡಿದ್ದು ಕಿಣ್ವದ ಕೆಲಸವಲ್ಲ. ಎಂಜಲಿನ ಇನ್ನೊಂದು ಕಿಣ್ವ ಲೈಸೋಜೈಮ್ ಋಣ ತುದಿಯತ್ತ ಹೊರಡುತ್ತದೆ, ಆದರೆ ದಾರಿಯುದ್ದಕ್ಕೂ ಕಾಗದಕ್ಕೆ ಅಂಟುತ್ತದೆ. ಕಾರ್ನ್‌ಫ್ಲೋರ್ ತಟ್ಟೆಗೆ ಅದು ಕಾಣುವುದೂ ಇಲ್ಲ, ಪೋಸ್ಟರಿನಲ್ಲಿ ಅದರ ಹೆಸರು ಹಾಕಬೇಡಿ.