ಬರೆದವರು ನೀವು, ಕೋಡ್ ಯಾರದು?

ನೌಕರಿಯಲ್ಲಿದ್ದು ಬರೆದ ಸಾಫ್ಟ್‌ವೇರ್ ಕೋಡ್ ಯಾರದು ಎಂಬ ತಕರಾರು ಏಳುವುದು ಸಾಮಾನ್ಯವಾಗಿ ನೋಟಿಸ್ ಪೀರಿಯಡ್‌ನಲ್ಲಿ. ಅದು ತೀರ್ಮಾನವಾಗಿರುವುದು ಮಾತ್ರ ಕೆಲಸಕ್ಕೆ ಸೇರಿದ ದಿನವೇ. 1957ರ ಕಾಪಿರೈಟ್ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಥೆ, ಕವಿತೆಗಳಂತೆ ಒಂದು 'ಸಾಹಿತ್ಯ ಕೃತಿ'. ನೌಕರಿಯ ಭಾಗವಾಗಿ ಬರೆದ ಕೃತಿಗೆ ಮೊದಲ ಮಾಲೀಕರು ಕೆಲಸ ಕೊಟ್ಟವರು ಎನ್ನುತ್ತದೆ ಸೆಕ್ಷನ್ 17(ಸಿ). ಬೇರೆ ಥರ ಒಪ್ಪಂದ ಆಗಿದ್ದರೆ ಮಾತ್ರ ಇದು ಬದಲಾಗುತ್ತದೆ. ಇದಕ್ಕೆ ನಿಮ್ಮ ಪ್ರತ್ಯೇಕ ಸಹಿಯೇನೂ ಬೇಕಿಲ್ಲ.

'ನೌಕರಿಯ ಭಾಗವಾಗಿ' ಎಂದರೆ ಆಫೀಸ್ ಹೊತ್ತಿನಲ್ಲಿ ಎಂದಷ್ಟೇ ಅಲ್ಲ. ಟೆಸ್ಟಿಂಗ್ ತಂಡದವರೊಬ್ಬರು ಭಾನುವಾರ ರಾತ್ರಿ ಮನೆಯಲ್ಲಿ ಕೂತು ತಮ್ಮದೇ ತಂಡದ ಟೆಸ್ಟ್‌ಗಳನ್ನು ಓಡಿಸುವ ಸ್ಕ್ರಿಪ್ಟ್ ಬರೆದರೆ, ಅದು ಕಂಪನಿಯದೆಂಬ ವಾದವೇ ಗಟ್ಟಿ. ಅವರೇ ಮಕ್ಕಳಿಗೆ ಮಗ್ಗಿ ಕಲಿಸುವ ಆ್ಯಪ್ ಮಾಡಿದರೆ ಕಾಯ್ದೆ ಅವರ ಕಡೆ ಇರುತ್ತದೆ. ಆದರೆ ಅಪಾಯಿಂಟ್‌ಮೆಂಟ್ ಲೆಟರ್ ಕಾಯ್ದೆಗಿಂತ ಅಗಲವಾಗಿ ಬಲೆ ಬೀಸಿರಬಹುದು: 'ನೌಕರಿಯ ಅವಧಿಯಲ್ಲಿ ಸೃಷ್ಟಿಸಿದ್ದೆಲ್ಲವೂ ಕಂಪನಿಗೆ ಸೇರಿದ್ದು.' ಈ 'ಎಲ್ಲವೂ' ಅತಿಯಾಯಿತು. ಸ್ವಂತ ಸಮಯದಲ್ಲಿ, ಸ್ವಂತ ಸಲಕರಣೆಯಲ್ಲಿ, ಕಂಪನಿಯ ವ್ಯವಹಾರಕ್ಕೆ ಸಂಬಂಧಪಡದ್ದನ್ನು ಮಾಡಿದರೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾರ್ಮಿಕ ಕಾನೂನಿನ (ಲೇಬರ್ ಕೋಡ್) ಸೆಕ್ಷನ್ 2870 ಹೇಳುತ್ತದೆ. ನಮ್ಮಲ್ಲಿ ಅಂಥ ರಕ್ಷಣೆ ಕಾಯ್ದೆಯಲ್ಲಿಲ್ಲ, ಕಾಗದದಲ್ಲೇ ಬರೆಸಿಕೊಳ್ಳಬೇಕು.

ಆ ಲೆಟರ್‌ನ ಕೊನೆಯಲ್ಲಿ 'ಸೇರುವ ಮುಂಚಿನ ಕೃತಿಗಳು' ಎಂಬ ಅನುಬಂಧ ಇದ್ದರೆ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ 'ನನ್ನದೇನೂ ಇಲ್ಲ' ಎಂದು ಒಪ್ಪಿಕೊಂಡ ಹಾಗೆ ಅರ್ಥ ಮಾಡಲು ಜಾಗ ಕೊಟ್ಟಂತೆ. ಪ್ರಾಜೆಕ್ಟ್ ಹೆಸರು, ಶುರುವಾದ ತಾರೀಖು, ರೆಪೊ (ಕೋಡ್ ಇಟ್ಟಿರುವ ಭಂಡಾರ) ವಿಳಾಸ, ಕೊನೆಯ ಕಮಿಟ್‌ನ (ದಾಖಲಾದ ಬದಲಾವಣೆಯ) ಗುರುತಾದ ಹ್ಯಾಶ್ ಬರೆದು ಎಚ್‌ಆರ್ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಆ ಪ್ರಾಜೆಕ್ಟನ್ನು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ತೆರೆಯಲೇಬೇಡಿ. ಎಡವುವುದು ಇಲ್ಲೇ: ಲ್ಯಾಪ್‌ಟಾಪ್‌ನ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಫ್ಟ್‌ವೇರ್) ಸೆಟ್ಟಿಂಗ್‌ನಲ್ಲಿ ಆಫೀಸ್ ಇಮೇಲ್ ಕೂತಿರುತ್ತದೆ. ನಿಮ್ಮ ಸ್ವಂತ ರೆಪೊದ ಗಿಟ್ ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದರೆ ಮಂಗಳವಾರ ಮಧ್ಯಾಹ್ನ 3.20, ಕಂಪನಿಯ ಇಮೇಲ್ ಎಂದು ಕಾಣುತ್ತದೆ. ನಿಮ್ಮ ವಿರುದ್ಧ ಆ ಒಂದು ಸಾಲೇ ಸಾಕ್ಷಿಯಾದೀತು.

ಕಾಂಟ್ರ್ಯಾಕ್ಟ್ ಮೇಲೆ ಬರೆಸುವವರ ಸ್ಥಿತಿ ತಿರುಗುಮುರುಗು. ಫ್ರೀಲಾನ್ಸರ್ ನೌಕರರಲ್ಲ, ಅವರಿಗೆ 17(ಸಿ) ಅನ್ವಯಿಸುವುದಿಲ್ಲ. ಬಿಲ್ ಪೂರ್ತಿ ಚುಕ್ತಾ ಆಗಿದ್ದರೂ ಕಾಪಿರೈಟ್ ಬರೆದವರಲ್ಲೇ ಉಳಿಯುತ್ತದೆ. ಅದನ್ನು ವರ್ಗಾಯಿಸಲು ಸೆಕ್ಷನ್ 19ರಂತೆ ಬರಹದ ಪತ್ರ, ಬರೆದವರ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಯಾವ ದೇಶ ಎಂದು ಅದರಲ್ಲಿ ಬಿಡಿಸಿ ಬರೆದಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು ಭಾವಿಸಲಾಗುತ್ತದೆ, ದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ಥರ ಹೇಳಿಲ್ಲದ ಪಕ್ಷದಲ್ಲಿ, ವರ್ಗಾವಣೆಯೇ ಬಿದ್ದುಹೋಗುತ್ತದೆ. ಅಮೆರಿಕದ ಗ್ರಾಹಕರಿಗೆ ಮಾರುವ ಬೆಂಗಳೂರಿನ ಸ್ಟಾರ್ಟಪ್ 'ಜಗತ್ತಿನಾದ್ಯಂತ, ಕಾಪಿರೈಟ್‌ನ ಪೂರ್ಣಾವಧಿಗೆ' ಎಂಬ ಎರಡು ಮಾತು ಬಿಟ್ಟರೆ, ತಾನು ಮಾರುತ್ತಿರುವುದರ ಹಕ್ಕೇ ತನ್ನ ಕೈಯಲ್ಲಿರುವುದಿಲ್ಲ. ಸಂಸ್ಥಾಪಕರು ಕಂಪನಿ ನೋಂದಾಯಿಸುವ ಮುಂಚೆ ಬರೆದ ಕೋಡ್‌ಗೂ ಇದೇ ಮಾತು: ಅದು ಅವರ ಸ್ವಂತದ್ದು, ಪತ್ರ ಮಾಡಿ ಕಂಪನಿಗೆ ಕೊಡಬೇಕು. ಹೂಡಿಕೆದಾರರ ವಕೀಲರು ಹುಡುಕುವುದು ಈ ಕಾಗದವನ್ನೇ.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸೋರ್ಸ್ ಕೋಡ್‌ನ ಮೊದಲ 10, ಕೊನೆಯ 10 ಪುಟ ಕೊಡಬೇಕು, ಅದರಲ್ಲಿ ಯಾವ ಸಾಲನ್ನೂ ಮರೆಮಾಡುವಂತಿಲ್ಲ. ಒಟ್ಟು 20 ಪುಟಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಕೋಡ್.

ಕೆಲಸ ಬಿಡುವಾಗ ಪೆನ್‌ಡ್ರೈವ್‌ಗೆ ಒಂದು ಫೋಲ್ಡರ್ ಹಾಕಿಕೊಳ್ಳುವ ಆಸೆಯಾದರೆ ದಯವಿಟ್ಟು ತಡೆದುಕೊಳ್ಳಿ. ಅನುಮತಿಯಿಲ್ಲದೆ ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ಕ್ಕೆ ಬರುತ್ತದೆ. ಅದರಲ್ಲಿ ಮೋಸದ ಉದ್ದೇಶ ಕಂಡರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲಿತ ವಿದ್ಯೆ ಮಾತ್ರ ನಿಮ್ಮ ಜೊತೆ ಬರುತ್ತದೆ. ಕೃತಿಯ ಕರ್ತೃ ನಾನು ಎಂದು ಹೇಳಿಕೊಳ್ಳುವ ಹಕ್ಕನ್ನೂ ಸೆಕ್ಷನ್ 57 ಬರೆದವರಿಗೇ ಉಳಿಸಿದೆ. ಹಾಗಾಗಿ ಗೋಪ್ಯತೆಯ ಕರಾರನ್ನು ಒಮ್ಮೆ ನೋಡಿಕೊಂಡು, 'ಆ ಬಿಲ್ಲಿಂಗ್ ಮಾಡ್ಯೂಲ್ ಬರೆದವರು ನಾವೇ' ಎಂದು ರೆಸ್ಯೂಮೆಯಲ್ಲಿ ಹಾಕಿಕೊಳ್ಳಬಹುದು. ಇಂಟರ್‌ವ್ಯೂನಲ್ಲಿ ಅದರ ಕೋಡ್ ತೆರೆದು ತೋರಿಸುವ ಹಾಗಿಲ್ಲ.